ಮನೆಯಲ್ಲೊಬ್ಬರಿಗೆ ಕ್ಷಯವೆಂದು ಗೊತ್ತಾದಾಗ: ಕಫ ಪರೀಕ್ಷೆಯಿಂದ ಕೊನೆಯ ಮಾತ್ರೆಯವರೆಗೆ

ಕೆಮ್ಮು ಎರಡು ವಾರ ದಾಟಿದರೆ ಕಫ ಪರೀಕ್ಷೆ ಮಾಡಿಸಿಕೊಳ್ಳಬೇಕು ಎಂಬ ಮಾತನ್ನು ಆರೋಗ್ಯ ಕೇಂದ್ರದ ಗೋಡೆಯ ಮೇಲೆ ಓದದವರು ಮೈಸೂರು, ಮಂಡ್ಯ ಜಿಲ್ಲೆಗಳಲ್ಲಿ ಕಡಿಮೆ. ಓದಿದ ಮೇಲೂ ಹೆಚ್ಚಿನ ಮನೆಗಳಲ್ಲಿ ನಡೆಯುವುದು ಬೇರೆಯೇ. ಮೊದಲ ವಾರ ಶುಂಠಿ ಕಷಾಯ, ಎರಡನೆಯ ವಾರ ಮೆಡಿಕಲ್ ಸ್ಟೋರಿನ ಸಿರಪ್ಪು, ಮೂರನೆಯ ವಾರ ಹತ್ತಿರದ ಕ್ಲಿನಿಕ್ಕಿನಲ್ಲಿ ಒಂದು ಇಂಜೆಕ್ಷನ್ನು, ಅದರಿಂದ ಸ್ವಲ್ಪ ಕಡಿಮೆಯಾದಂತೆ ಕಂಡು ಮತ್ತೆ ಗದ್ದೆ, ಮತ್ತೆ ಕೆಮ್ಮು, ಹೀಗೆ ಎರಡು ಮೂರು ತಿಂಗಳು ಕಳೆದುಹೋಗುತ್ತವೆ. ಕ್ಷಯವನ್ನು ಪೂರ್ತಿ ಗುಣಪಡಿಸುವ ಔಷಧಿ ದಶಕಗಳಿಂದ ಇದೆ, ಸರ್ಕಾರ ಅದನ್ನು ಉಚಿತವಾಗಿಯೇ ಕೊಡುತ್ತದೆ. ಆದರೂ ರೋಗಿಗಳು ಒಂದು ಹಂತದಿಂದ ಮುಂದಿನ ಹಂತಕ್ಕೆ ದಾಟುವಲ್ಲಿ ತಪ್ಪಿಹೋಗುತ್ತಾರೆ: ಕೆಮ್ಮಿನಿಂದ ಪರೀಕ್ಷೆಗೆ, ಪರೀಕ್ಷೆಯಿಂದ ಮಾತ್ರೆಗೆ, ಎರಡನೆಯ ತಿಂಗಳಿನಿಂದ ಆರನೆಯ ತಿಂಗಳಿಗೆ. ಈ ಬರಹ ಆ ದಾಟುವ ಜಾಗಗಳಲ್ಲಿ ಮನೆಯವರು ಏನು ಮಾಡಬೇಕು ಎಂಬುದರ ಬಗ್ಗೆ.

ಇದು ನಮ್ಮ ಊರಿನದಷ್ಟೇ ತಾಪತ್ರಯವಲ್ಲ. ವಿಶ್ವ ಆರೋಗ್ಯ ಸಂಸ್ಥೆ 1993ರಲ್ಲೇ ಕ್ಷಯವನ್ನು ಜಾಗತಿಕ ತುರ್ತು ಪರಿಸ್ಥಿತಿ ಎಂದು ಘೋಷಿಸಿತ್ತು. ಅದಾಗಿ ಮೂವತ್ತು ವರ್ಷಗಳ ಮೇಲೆ, 2023ರಲ್ಲಿ, ಜಗತ್ತಿನಾದ್ಯಂತ ಸುಮಾರು 1 ಕೋಟಿ 8 ಲಕ್ಷ ಜನರಿಗೆ ಹೊಸದಾಗಿ ಕ್ಷಯ ಬಂತು ಮತ್ತು ಸುಮಾರು 12.5 ಲಕ್ಷ ಜನ ಅದರಿಂದ ಸತ್ತರು ಎಂಬುದು ಅದೇ ಸಂಸ್ಥೆಯ ಅಂದಾಜು. ಆ ರೋಗಿಗಳಲ್ಲಿ ನಾಲ್ಕರಲ್ಲೊಬ್ಬರಿಗಿಂತ ತುಸು ಹೆಚ್ಚು, ಅಂದರೆ ಶೇ. 26ರಷ್ಟು ಮಂದಿ, ಭಾರತದವರು. 2025ರೊಳಗೆ ದೇಶವನ್ನು ಕ್ಷಯಮುಕ್ತಗೊಳಿಸುವ ಗುರಿ ಇಟ್ಟುಕೊಂಡೆವು, ಮುಟ್ಟಲಿಲ್ಲ. ಆದರೂ 2015ರಲ್ಲಿ ಲಕ್ಷ ಜನಸಂಖ್ಯೆಗೆ 237 ಇದ್ದ ಹೊಸ ರೋಗಿಗಳ ಪ್ರಮಾಣ 2023ಕ್ಕೆ 195ಕ್ಕೆ ಇಳಿದಿರುವುದನ್ನು ಸಣ್ಣದೆಂದು ತಳ್ಳಿಹಾಕುವಂತಿಲ್ಲ.

ಯಾವಾಗ ಅನುಮಾನಿಸಬೇಕು

ಎರಡು ವಾರ ಮೀರಿದ ಕೆಮ್ಮು, ಸಂಜೆಯ ಹೊತ್ತಿಗೆ ಏರುವ ಸಣ್ಣ ಜ್ವರ, ರಾತ್ರಿ ಬಟ್ಟೆ ಒದ್ದೆಯಾಗುವಷ್ಟು ಬೆವರು, ಹಸಿವಿಲ್ಲದಿರುವುದು, ಕಾರಣವಿಲ್ಲದೆ ತೂಕ ಇಳಿಯುವುದು, ಕಫದಲ್ಲಿ ರಕ್ತ ಕಾಣಿಸಿಕೊಳ್ಳುವುದು, ಇವು ಶ್ವಾಸಕೋಶದ ಕ್ಷಯದ ಪರಿಚಿತ ಲಕ್ಷಣಗಳು. ಇವೆಲ್ಲವೂ ಒಟ್ಟಿಗೆ ಬರಲಿ ಎಂದು ಕಾಯಬೇಕಿಲ್ಲ, ಒಂದೇ ಸಾಕು. ಕುತ್ತಿಗೆಯಲ್ಲಿ ನೋವಿಲ್ಲದೆ ವಾರಗಟ್ಟಲೆ ಉಳಿಯುವ ಗಂಟು, ವಾಸಿಯಾಗದ ಬೆನ್ನುಮೂಳೆಯ ನೋವು, ಹೊಟ್ಟೆಯಲ್ಲಿ ನೀರು ತುಂಬುವುದು, ಮಗುವಿನ ತೂಕ ತಿಂಗಳುಗಟ್ಟಲೆ ಏರದಿರುವುದು, ಇವುಗಳ ಹಿಂದೆಯೂ ಕ್ಷಯ ಇರಬಹುದು. ಕೂದಲು ಮತ್ತು ಉಗುರು ಬಿಟ್ಟರೆ ದೇಹದ ಯಾವ ಭಾಗಕ್ಕೂ ಅದು ತಗಲಬಲ್ಲದು. ಇನ್ನು ಕೆಮ್ಮೇ ಇಲ್ಲದ ಶ್ವಾಸಕೋಶದ ಕ್ಷಯವೂ ಇದೆ. 2019ರಿಂದ 2021ರವರೆಗೆ ದೇಶದಲ್ಲಿ ನಡೆದ ಸಮೀಕ್ಷೆಯಲ್ಲಿ ಪತ್ತೆಯಾದ ರೋಗಿಗಳಲ್ಲಿ ಹತ್ತಕ್ಕೆ ಸುಮಾರು ನಾಲ್ವರು ಎದೆಯ ಎಕ್ಸ್‌ರೇ ತೆಗೆಯದಿದ್ದರೆ ತಪ್ಪಿಹೋಗುತ್ತಿದ್ದರು.

ಸಕ್ಕರೆ ಕಾಯಿಲೆ ಇರುವವರು, ಎಚ್‌ಐವಿ ಸೋಂಕಿತರು, ಬೀಡಿ ಸಿಗರೇಟು ಸೇದುವವರು, ದಿನಾ ಕುಡಿಯುವವರು, ಹೊಟ್ಟೆಗೆ ಸಾಲದೆ ಸೊರಗಿದವರು, ಹಿಂದೊಮ್ಮೆ ಕ್ಷಯ ಬಂದು ಹೋದವರು ಮತ್ತು ಕ್ಷಯರೋಗಿಯ ಜೊತೆ ಒಂದೇ ಸೂರಿನಡಿ ಇದ್ದವರು ಇತರರಿಗಿಂತ ಬೇಗ ಎಚ್ಚರಗೊಳ್ಳಬೇಕು. ಸಕ್ಕರೆ ಕಾಯಿಲೆಯೊಂದೇ ಅಪಾಯವನ್ನು ಎರಡು ಮೂರು ಪಟ್ಟು ಹೆಚ್ಚಿಸುತ್ತದೆ, ಆ ಕಾಯಿಲೆ ನಮ್ಮ ಕಡೆ ಯಾವ ಮನೆಯಲ್ಲಿಲ್ಲ? ಆಲೆಮನೆಗಳಲ್ಲಿ, ಕಬ್ಬು ಕಡಿಯುವ ತಂಡಗಳಲ್ಲಿ ಒಂದೇ ಶೆಡ್ಡಿನೊಳಗೆ ಹತ್ತಾರು ಜನ ಮಲಗುವ ಕಡೆ ಒಬ್ಬನ ಕೆಮ್ಮು ಎಲ್ಲರ ವಿಷಯ ಎಂಬುದನ್ನು ಮಾಲೀಕರೂ ಮೇಸ್ತ್ರಿಗಳೂ ಅರಿತಿದ್ದರೆ ಒಳ್ಳೆಯದು.

ಕೆಮ್ಮಿಗೆಂದು ಲಿವೋಫ್ಲಾಕ್ಸಸಿನ್‌ನಂಥ ಆಂಟಿಬಯೋಟಿಕ್ಕನ್ನೋ ಸ್ಟೆರಾಯ್ಡನ್ನೋ ಪರೀಕ್ಷೆ ಇಲ್ಲದೆ ತೆಗೆದುಕೊಳ್ಳುವ ಅಭ್ಯಾಸದ ಬಗ್ಗೆ ಒಂದು ಮಾತು ಹೇಳಲೇಬೇಕು. ಲಿವೋಫ್ಲಾಕ್ಸಸಿನ್‌ನ ಗುಂಪಿಗೆ ಸೇರಿದ ಔಷಧಿಗಳು ಕ್ಷಯದ ಬ್ಯಾಕ್ಟೀರಿಯಾವನ್ನೂ ಅಷ್ಟಿಷ್ಟು ಅದುಮುವುದರಿಂದ ಐದು ದಿನ ಆರಾಮವೆನಿಸುತ್ತದೆ, ರೋಗ ಮಾತ್ರ ಒಳಗೇ ಉಳಿಯುತ್ತದೆ, ಪತ್ತೆ ತಡವಾಗುತ್ತದೆ. ಆದ್ದರಿಂದ ಆರೋಗ್ಯ ಕೇಂದ್ರಕ್ಕೆ ಹೋಗುವಾಗ ಅದುವರೆಗೆ ನುಂಗಿದ ಮಾತ್ರೆಗಳ ಚೀಟಿ ಅಥವಾ ಖಾಲಿ ಪಟ್ಟಿಗಳನ್ನು ಜೊತೆಗೆ ಒಯ್ಯಬೇಕು.

ಕಫ ಕೊಡುವುದೂ ಕಲಿಯಬೇಕಾದ ಕೆಲಸ

ಪರೀಕ್ಷೆಗೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ, ಸರ್ಕಾರದ ‘ನಮ್ಮ ಕ್ಲಿನಿಕ್’ ಅಥವಾ ತಾಲ್ಲೂಕು ಆಸ್ಪತ್ರೆಗೆ ಹೋದರೆ ಸಾಕು. ಅಲ್ಲಿ ಯಂತ್ರ ಇಲ್ಲದಿದ್ದರೆ ಮಾದರಿಯನ್ನು ಇರುವ ಕಡೆಗೆ ಕಳಿಸುತ್ತಾರೆ. ಊರಿನ ಆಶಾ ಕಾರ್ಯಕರ್ತೆಗೆ ಒಂದು ಮಾತು ಹೇಳಿದರೆ ಅವರೇ ಕಫದ ಡಬ್ಬಿ ತಂದುಕೊಡುವುದೂ ಉಂಟು. ಎಲ್ಲಿಗೆ ಹೋಗಬೇಕೆಂದು ತಿಳಿಯದವರು 1800-11-6666 ಎಂಬ ರಾಷ್ಟ್ರೀಯ ಸಹಾಯವಾಣಿಗೆ ಶುಲ್ಕವಿಲ್ಲದೆ ಕರೆ ಮಾಡಬಹುದು.

ಪರೀಕ್ಷೆಯ ಫಲಿತಾಂಶ ಎಷ್ಟು ನಂಬಿಕೆಗೆ ಅರ್ಹ ಎಂಬುದು ಡಬ್ಬಿಯಲ್ಲಿ ಏನಿದೆ ಎಂಬುದರ ಮೇಲೆ ನಿಂತಿದೆ. ಹಲವರು ನಾಚಿಕೆಯಿಂದಲೋ ಅವಸರದಿಂದಲೋ ಆಸ್ಪತ್ರೆಯ ಕಾರಿಡಾರಿನ ಮೂಲೆಯಲ್ಲಿ ನಿಂತು ಎರಡು ಸಲ ಎಂಜಲು ಉಗುಳಿ ಮುಚ್ಚಳ ಹಾಕಿಬಿಡುತ್ತಾರೆ. ಎಂಜಲಿನಲ್ಲಿ ರೋಗಾಣು ಸಿಗದೆ ವರದಿ ನೆಗೆಟಿವ್ ಬರುತ್ತದೆ, ಮನೆಯವರು ನಿಟ್ಟುಸಿರು ಬಿಡುತ್ತಾರೆ, ರೋಗ ಮುಂದುವರಿಯುತ್ತದೆ. ಸರಿಯಾದ ಕ್ರಮವೆಂದರೆ, ಬೆಳಿಗ್ಗೆ ಎದ್ದೊಡನೆ ಏನನ್ನೂ ತಿನ್ನುವ ಮೊದಲು ಬರೀ ನೀರಿನಿಂದ ಬಾಯಿ ಮುಕ್ಕಳಿಸಬೇಕು. ಮನೆಯ ಹೊರಗೆ, ಹಿತ್ತಿಲಿನಲ್ಲೋ ತಾರಸಿಯ ಮೇಲೋ, ಗಾಳಿಯಾಡುವ ಜಾಗದಲ್ಲಿ ಬೇರೆಯವರಿಂದ ದೂರ ನಿಲ್ಲಬೇಕು. ಎರಡು ಮೂರು ಸಲ ಆಳವಾಗಿ ಉಸಿರೆಳೆದು, ತುಸು ಹಿಡಿದು, ಬಿಟ್ಟು, ಆಮೇಲೆ ಎದೆಯ ತಳದಿಂದ ಕೆಮ್ಮಿ ಬಂದ ಗಟ್ಟಿ ಕಫವನ್ನು ನೇರ ಡಬ್ಬಿಗೆ ಉಗುಳಬೇಕು. ಎರಡರಿಂದ ಐದು ಮಿಲಿ ಲೀಟರ್, ಅಂದರೆ ಒಂದು ಟೀ ಚಮಚದ ಆಸುಪಾಸು, ಇದ್ದರೆ ಸಾಕು. ಹಳದಿ ಅಥವಾ ಬಿಳಿ ಲೋಳೆಯಂತೆ ಕಂಡರೆ ಅದು ಕಫ; ನೀರಿನಂತೆ ತಿಳಿಯಾಗಿ ಮೇಲೆ ನೊರೆ ಕಟ್ಟಿದ್ದರೆ ಮತ್ತೊಮ್ಮೆ ಪ್ರಯತ್ನಿಸುವುದೇ ವಾಸಿ. ಮುಚ್ಚಳ ಬಿಗಿ ಮಾಡಿ, ಕೈ ತೊಳೆದುಕೊಂಡು, ಅದೇ ದಿನ ಪ್ರಯೋಗಾಲಯಕ್ಕೆ ಮುಟ್ಟಿಸಬೇಕು.

ಈಗ ಸೂಕ್ಷ್ಮದರ್ಶಕದ ಜೊತೆಗೆ ಟ್ರೂನ್ಯಾಟ್ ಮತ್ತು ಸಿಬಿನ್ಯಾಟ್ ಎಂಬ ಯಂತ್ರಗಳು ಬಂದಿವೆ. ಇವು ರೋಗಾಣುವಿನ ವಂಶವಾಹಿಯನ್ನೇ ಹುಡುಕುತ್ತವೆ, ಕೆಲವೇ ಗಂಟೆಗಳಲ್ಲಿ ಫಲಿತಾಂಶ ಕೊಡುತ್ತವೆ, ಜೊತೆಗೆ ರಿಫಾಂಪಿಸಿನ್ ಎಂಬ ಮುಖ್ಯ ಔಷಧಿಗೆ ರೋಗಾಣು ಬಗ್ಗುತ್ತದೆಯೋ ಇಲ್ಲವೋ ಎಂಬುದನ್ನೂ ತಿಳಿಸುತ್ತವೆ. ಬರೀ ಎಕ್ಸ್‌ರೇ ನೋಡಿ ಚಿಕಿತ್ಸೆ ಶುರು ಮಾಡೋಣ ಎಂದು ಯಾರಾದರೂ ಹೇಳಿದರೆ, ಕಫದ ಈ ಪರೀಕ್ಷೆ ಆಗಿದೆಯೇ ಎಂದು ವಿನಯದಿಂದಲೇ ಕೇಳುವುದು ರೋಗಿಯ ಹಕ್ಕು. ಕ್ಷಯ ಖಚಿತವಾದ ಪ್ರತಿಯೊಬ್ಬರಿಗೂ ಸಕ್ಕರೆ ಮತ್ತು ಎಚ್‌ಐವಿ ಪರೀಕ್ಷೆ ಮಾಡುತ್ತಾರೆ. ಅದನ್ನು ಅವಮಾನವೆಂದು ಭಾವಿಸಿ ನಿರಾಕರಿಸಬಾರದು.

ಹೆಸರು ನೋಂದಾಯಿಸುವುದರಿಂದ ಆಗುವ ಲಾಭ

ಖಾಸಗಿ ವೈದ್ಯರ ಬಳಿ ಚಿಕಿತ್ಸೆ ಪಡೆದರೂ ಪ್ರತಿ ಕ್ಷಯರೋಗಿಯ ವಿವರವನ್ನು ಸರ್ಕಾರಕ್ಕೆ ತಿಳಿಸುವುದು 2012ರಿಂದ ಕಡ್ಡಾಯ. ರೋಗಿಗೆ ನಿಕ್ಷಯ್ ಪೋರ್ಟಲ್ಲಿನಲ್ಲಿ ಒಂದು ಸಂಖ್ಯೆ ಸಿಗುತ್ತದೆ. ಊರಿನವರಿಗೆ ಗೊತ್ತಾಗುತ್ತದೆಂಬ ಅಂಜಿಕೆಯಿಂದ ಕೆಲವರು ಹೆಸರು ಬೇಡ ಎನ್ನುತ್ತಾರೆ, ಆದರೆ ಆ ಸಂಖ್ಯೆ ಇದ್ದವರಿಗೆ ಉಚಿತ ಮಾತ್ರೆ ಸಿಗುವುದಲ್ಲದೆ, ಚಿಕಿತ್ಸೆಯ ಅವಧಿಯಲ್ಲಿ ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ 1,000 ರೂಪಾಯಿಯ ಲೆಕ್ಕದಲ್ಲಿ ಬ್ಯಾಂಕ್ ಖಾತೆಗೆ ಹಣ ಬರುತ್ತದೆ. 2018ರಲ್ಲಿ 500 ರೂಪಾಯಿಯಿಂದ ಶುರುವಾದ ಈ ನಿಕ್ಷಯ್ ಪೋಷಣ್ ಯೋಜನೆಯ ಮೊತ್ತ 2024ರ ನವೆಂಬರ್‌ನಿಂದ ಇಮ್ಮಡಿಯಾಗಿದೆ. ಖಾತೆಗೆ ಆಧಾರ್ ಜೋಡಣೆ ಸರಿಯಿಲ್ಲದೆ ಹಣ ತಡೆಯಾಗುವುದು ಸಾಮಾನ್ಯವಾದ್ದರಿಂದ ಮೊದಲ ವಾರದಲ್ಲೇ ಬ್ಯಾಂಕಿಗೆ ಹೋಗಿ ಅದನ್ನು ನೋಡಿಕೊಳ್ಳಬೇಕು.

ವಲಸೆ ಬಂದು ದುಡಿಯುವವರಿಗೆ ಈ ಸಂಖ್ಯೆಯ ಬೆಲೆ ಇನ್ನೂ ಹೆಚ್ಚು. ಪಾಂಡವಪುರದ ಆಲೆಮನೆಯಲ್ಲಿ ಚಿಕಿತ್ಸೆ ಆರಂಭಿಸಿದವನು ಹಂಗಾಮು ಮುಗಿಸಿ ತನ್ನ ರಾಜ್ಯಕ್ಕೆ ಮರಳಿದರೂ, ಹೊರಡುವ ಮೊದಲು ಆರೋಗ್ಯ ಕೇಂದ್ರಕ್ಕೆ ತಿಳಿಸಿದರೆ, ಅವನ ದಾಖಲೆಯನ್ನು ಅಲ್ಲಿನ ಕೇಂದ್ರಕ್ಕೆ ವರ್ಗಾಯಿಸುತ್ತಾರೆ, ದಾರಿಗೆ ಬೇಕಾದಷ್ಟು ಮಾತ್ರೆಯನ್ನು ಕೇಳಿ ಪಡೆಯಬಹುದು. ಹೇಳದೆ ಹೊರಟವನ ಚಿಕಿತ್ಸೆ ಹೆಚ್ಚಾಗಿ ಬಸ್ ನಿಲ್ದಾಣದಲ್ಲೇ ನಿಂತುಹೋಗುತ್ತದೆ.

ಆರು ತಿಂಗಳು

ಔಷಧಿಗೆ ಬಗ್ಗುವ ಸಾಮಾನ್ಯ ಕ್ಷಯಕ್ಕೆ ಚಿಕಿತ್ಸೆ ಆರು ತಿಂಗಳದು. ಮೊದಲ ಎರಡು ತಿಂಗಳು ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಾಜಿನಮೈಡ್ ಮತ್ತು ಇಥಾಂಬ್ಯುಟಾಲ್ ಎಂಬ ನಾಲ್ಕು ಔಷಧಿ. ಮುಂದಿನ ನಾಲ್ಕು ತಿಂಗಳು ಪೈರಾಜಿನಮೈಡ್ ಬಿಟ್ಟು ಉಳಿದ ಮೂರು. ಇವೆಲ್ಲ ಒಂದೇ ಮಾತ್ರೆಯೊಳಗೆ ಸೇರಿರುತ್ತವೆ, ದಿನಕ್ಕೆ ಎಷ್ಟು ಮಾತ್ರೆ ಎಂಬುದು ದೇಹದ ತೂಕದ ಮೇಲೆ ನಿರ್ಧಾರವಾಗುತ್ತದೆ: 35ರಿಂದ 49 ಕಿಲೋ ತೂಗುವವರಿಗೆ ಮೂರು, 50ರಿಂದ 64 ಕಿಲೋ ಇರುವವರಿಗೆ ನಾಲ್ಕು. ಆದ್ದರಿಂದ ಪಕ್ಕದ ಮನೆಯವರು ಮೂರೇ ನುಂಗುತ್ತಾರೆ, ನನಗೇಕೆ ನಾಲ್ಕು ಎಂದು ತಾವಾಗಿಯೇ ಕಡಿಮೆ ಮಾಡಿಕೊಳ್ಳುವಂತಿಲ್ಲ. ತೂಕವನ್ನು ಪ್ರತಿ ತಿಂಗಳು ನೋಡಿಸಬೇಕು, ಏರಿದರೆ ಮಾತ್ರೆಯ ಸಂಖ್ಯೆಯೂ ಬದಲಾಗಬಹುದು.

ಮಾತ್ರೆಯನ್ನು ದಿನಾ ಒಂದೇ ಹೊತ್ತಿಗೆ, ಎಲ್ಲವನ್ನೂ ಒಟ್ಟಿಗೆ, ಸಾಧ್ಯವಾದರೆ ಬರಿಹೊಟ್ಟೆಯಲ್ಲಿ ತೆಗೆದುಕೊಳ್ಳುವುದು ಉತ್ತಮ. ವಾಕರಿಕೆ ತಾಳಲಾರದಿದ್ದರೆ ಲಘುವಾಗಿ ಏನಾದರೂ ತಿಂದು ನುಂಗಲು ವೈದ್ಯರು ಹೇಳುತ್ತಾರೆ. ಬಿಡುವುದಕ್ಕಿಂತ ತಿಂದು ನುಂಗುವುದು ಎಷ್ಟೋ ಮೇಲು. ಒಂದು ಹೊತ್ತು ಮರೆತರೆ ಅದೇ ದಿನ ನೆನಪಾದಾಗ ತೆಗೆದುಕೊಳ್ಳಬೇಕು, ಮಾರನೆಯ ದಿನ ಎರಡು ದಿನದ್ದನ್ನು ಸೇರಿಸಿ ನುಂಗಬಾರದು. ಗೋಡೆಗೆ ತೂಗುಹಾಕಿದ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕ ಬರೆಯುವ ಚೌಕದಲ್ಲೇ, ಮಾತ್ರೆ ನುಂಗಿದೊಡನೆ ಪೆನ್ನಿನಿಂದ ಒಂದು ಗೆರೆ ಎಳೆಯುವ ಪದ್ಧತಿ ಮೊಬೈಲ್ ಅಲಾರಮ್ಮಿಗಿಂತ ಹೆಚ್ಚು ಕೆಲಸ ಮಾಡುತ್ತದೆ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಅಲಾರಮ್ಮನ್ನು ರೋಗಿಯೊಬ್ಬನೇ ಕೇಳುತ್ತಾನೆ, ಗೆರೆ ಇಲ್ಲದ ಚೌಕವನ್ನು ಮನೆಯವರೆಲ್ಲ ನೋಡುತ್ತಾರೆ. ಪಟ್ಟಿ ಖಾಲಿಯಾಗುವ ತನಕ ಕಾಯದೆ, ಒಂದು ವಾರದ ಮಾತ್ರೆ ಉಳಿದಿರುವಾಗಲೇ ಮುಂದಿನದನ್ನು ತಂದಿಟ್ಟುಕೊಳ್ಳಬೇಕು. ಹಬ್ಬ, ಜಾತ್ರೆ, ಮದುವೆಗೆಂದು ಊರು ಬಿಡುವಾಗ ಎಲ್ಲಕ್ಕಿಂತ ಮೊದಲು ಚೀಲಕ್ಕೆ ಸೇರಬೇಕಾದದ್ದು ಆ ಪಟ್ಟಿ.

ಅಡ್ಡ ಪರಿಣಾಮಗಳಲ್ಲಿ ಹೆದರಬೇಕಾದ್ದು ಯಾವುದು, ಬೇಡವಾದ್ದು ಯಾವುದು ಎಂಬುದನ್ನು ಮೊದಲ ದಿನವೇ ತಿಳಿದಿರಬೇಕು. ರಿಫಾಂಪಿಸಿನ್‌ನಿಂದ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಬೆವರು, ಕಣ್ಣೀರಿಗೂ ಆ ಛಾಯೆ ಬರಬಹುದು. ಇದರಿಂದ ಏನೂ ತೊಂದರೆಯಿಲ್ಲ. ಕೈಕಾಲು ಜೋಮು ಹಿಡಿದಂತಾಗುವುದು, ಕೀಲು ನೋವು, ತುರಿಕೆ ಇದ್ದರೆ ಮುಂದಿನ ಭೇಟಿಯಲ್ಲಿ ಹೇಳಬೇಕು, ಜೋಮಿಗೆ ಪಿರಿಡಾಕ್ಸಿನ್ ಮಾತ್ರೆ ಕೊಡುತ್ತಾರೆ. ಆದರೆ ಕಣ್ಣಿನ ಬಿಳಿಭಾಗ ಹಳದಿಯಾದರೆ, ವಾಂತಿ ನಿಲ್ಲದಿದ್ದರೆ, ದೃಷ್ಟಿ ಮಬ್ಬಾದರೆ ಅಥವಾ ಕೆಂಪು ಹಸಿರು ಬಣ್ಣಗಳು ಒಂದೇ ಥರ ಕಾಣತೊಡಗಿದರೆ, ಮುಂದಿನ ಭೇಟಿಗೆ ಕಾಯದೆ ಅಂದೇ ವೈದ್ಯರನ್ನು ಕಾಣಬೇಕು. ಈ ಮಾತ್ರೆಗಳ ಜೊತೆ ಮದ್ಯ ಸೇರಿದರೆ ಯಕೃತ್ತಿಗೆ ಬೀಳುವ ಪೆಟ್ಟು ದೊಡ್ಡದು. ಗರ್ಭನಿರೋಧಕ ಗುಳಿಗೆಯ ಶಕ್ತಿಯನ್ನು ರಿಫಾಂಪಿಸಿನ್ ತಗ್ಗಿಸುವುದರಿಂದ ದಂಪತಿಗಳು ಬೇರೆ ವಿಧಾನದ ಬಗ್ಗೆ ಕೇಳಿಕೊಳ್ಳಬೇಕು. ಬಸುರಿಯರೂ ಈ ಚಿಕಿತ್ಸೆಯನ್ನು ವೈದ್ಯರ ಸಲಹೆಯಂತೆ ಪಡೆಯಬಹುದು, ಬಾಣಂತಿ ಮಾಸ್ಕ್ ಧರಿಸಿ ಎದೆಹಾಲು ಕೊಡಬಹುದು; ಮಗುವನ್ನು ಅಜ್ಜಿ ಮನೆಗೆ ಕಳಿಸಿ ಹಾಲು ಬಿಡಿಸುವ ಅಗತ್ಯವಿಲ್ಲ.

ಇಡೀ ಆರು ತಿಂಗಳಲ್ಲಿ ಕಠಿಣವಾದದ್ದು ಆರಂಭವಲ್ಲ. ಎರಡನೆಯ ತಿಂಗಳ ಹೊತ್ತಿಗೆ ಜ್ವರ ಹೋಗಿ, ಕೆಮ್ಮು ನಿಂತು, ಹಸಿವು ಮರಳಿ, ಮುಖದಲ್ಲಿ ಕಳೆ ಬಂದಾಗ, ಇನ್ನೇಕೆ ಈ ಮಾತ್ರೆ ಎಂಬ ಪ್ರಶ್ನೆ ಏಳುತ್ತದೆ. ಕೂಲಿಯ ದಿನವೊಂದನ್ನು ಕಳೆದುಕೊಂಡು ಆಸ್ಪತ್ರೆಗೆ ಹೋಗಬೇಕಾದವನಿಗೆ ಆ ಪ್ರಶ್ನೆ ಇನ್ನೂ ಜೋರಾಗಿಯೇ ಏಳುತ್ತದೆ, ಅದನ್ನು ಸೋಮಾರಿತನವೆಂದು ಬೈದು ಪ್ರಯೋಜನವಿಲ್ಲ. ಅಷ್ಟು ಹೊತ್ತಿಗೆ ಚುರುಕಾಗಿ ಬೆಳೆಯುವ ಬ್ಯಾಕ್ಟೀರಿಯಾಗಳು ಸತ್ತಿರುತ್ತವೆ, ನಿಧಾನವಾಗಿ ಬೆಳೆಯುವವು, ಬಹುತೇಕ ನಿದ್ರಿಸುತ್ತಿರುವಂಥವು, ಉಳಿದಿರುತ್ತವೆ. ಅವುಗಳಿಗಾಗಿಯೇ ಮುಂದಿನ ನಾಲ್ಕು ತಿಂಗಳು. ನಡುವೆ ಬಿಟ್ಟರೆ ಉಳಿದವು ಮತ್ತೆ ಬೆಳೆಯುತ್ತವೆ, ಮಾತ್ರೆಗೆ ಬಗ್ಗದ ತಳಿಗಳಿಗೂ ದಾರಿಯಾಗುತ್ತದೆ. 2023ರಲ್ಲಿ ಜಗತ್ತಿನಲ್ಲಿ ಅಂದಾಜು ನಾಲ್ಕು ಲಕ್ಷ ಜನರಿಗೆ ಇಂಥ ಔಷಧ ನಿರೋಧಕ ಕ್ಷಯ ಬಂತು. ಅದಕ್ಕೆ ಹಿಂದೆ ಒಂದೂವರೆ ಎರಡು ವರ್ಷದ ಚಿಕಿತ್ಸೆ, ತಿಂಗಳುಗಟ್ಟಲೆ ಇಂಜೆಕ್ಷನ್ನು ಬೇಕಿತ್ತು. ಈಗ ಬೆಡಾಕ್ವಿಲಿನ್, ಪ್ರಿಟೋಮನಿಡ್, ಲಿನೆಜೋಲಿಡ್, ಮಾಕ್ಸಿಫ್ಲಾಕ್ಸಸಿನ್ ಸೇರಿದ ಆರು ತಿಂಗಳ ಮಾತ್ರೆಯ ಕ್ರಮಕ್ಕೆ ಭಾರತ 2024ರಲ್ಲಿ ಒಪ್ಪಿಗೆ ಕೊಟ್ಟಿದೆ. ಒಳ್ಳೆಯ ಸುದ್ದಿಯೇ, ಆದರೂ ಆ ಔಷಧಿಗಳು ಸೌಮ್ಯವಾದವಲ್ಲ. ಎರಡನೆಯ ತಿಂಗಳ ಕೊನೆಗೆ ಮತ್ತು ಚಿಕಿತ್ಸೆಯ ಕೊನೆಗೆ ಕಫವನ್ನು ಮತ್ತೆ ಪರೀಕ್ಷಿಸುತ್ತಾರೆ, ಆ ಎರಡು ದಿನಗಳನ್ನು ಕ್ಯಾಲೆಂಡರಿನಲ್ಲಿ ಮೊದಲೇ ಗುರುತು ಹಾಕಿಡುವುದು ಜಾಣತನ.

ತಟ್ಟೆಯಲ್ಲಿ ಏನಿರಬೇಕು

ಜಾರ್ಖಂಡಿನಲ್ಲಿ ನಡೆದು 2023ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು, ಕ್ಷಯರೋಗಿಯ ಮನೆಯವರಿಗೆಲ್ಲ ಧಾನ್ಯ, ಬೇಳೆಯಂಥ ರೇಷನ್ನನ್ನು ಹೆಚ್ಚುವರಿಯಾಗಿ ಒದಗಿಸಿದಾಗ ಅವರಲ್ಲಿ ಹೊಸದಾಗಿ ಕ್ಷಯ ಕಾಣಿಸಿಕೊಳ್ಳುವುದು ಸುಮಾರು ಶೇ. 40ರಷ್ಟು ಇಳಿಯಿತು ಎಂದು ತೋರಿಸಿತು. ಮೊದಲ ಎರಡು ತಿಂಗಳಲ್ಲಿ ತೂಕ ಏರಿದ ರೋಗಿಗಳು ಸಾಯುವ ಸಂಭವವೂ ತೀರ ಕಡಿಮೆಯಾಗಿತ್ತು. ಊಟವೂ ಚಿಕಿತ್ಸೆಯ ಭಾಗ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಇದಕ್ಕಾಗಿ ಡಬ್ಬಿಯಲ್ಲಿ ಬರುವ ದುಬಾರಿ ಪುಡಿಗಳ ಹಿಂದೆ ಬೀಳಬೇಕಿಲ್ಲ. ನಮ್ಮ ಕಡೆಯ ರಾಗಿ ಮುದ್ದೆ, ಹುರುಳಿಕಾಳಿನ ಅಥವಾ ಅವರೆಕಾಳಿನ ಸಾರು, ಸೊಪ್ಪಿನ ಬಸ್ಸಾರು, ದಿನಕ್ಕೊಂದೆರಡು ಮೊಟ್ಟೆ, ಒಂದು ಹಿಡಿ ಕಡಲೆಕಾಯಿ ಬೀಜ, ಹಾಲು, ತಿನ್ನುವವರಾದರೆ ಮೀನು ಮಾಂಸ, ಇಷ್ಟೇ ಸಾಕು. ಪಥ್ಯದ ಹೆಸರಿನಲ್ಲಿ ಗಂಜಿ, ಬ್ರೆಡ್ಡಿಗೆ ಇಳಿಸುವುದು ಮಾತ್ರ ಬೇಡ. ನಿಕ್ಷಯ್ ಮಿತ್ರರಾಗಿ ನೋಂದಾಯಿಸಿಕೊಂಡ ದಾನಿಗಳು ಆಹಾರದ ಕಿಟ್ ಕೊಡುವ ವ್ಯವಸ್ಥೆಯೂ 2022ರಿಂದ ಇದೆ, ಅದರ ಬಗ್ಗೆ ಕೇಂದ್ರದಲ್ಲಿ ವಿಚಾರಿಸಲು ಸಂಕೋಚ ಪಡಬೇಕಿಲ್ಲ.

ಉಳಿದವರ ರಕ್ಷಣೆ

ಶ್ವಾಸಕೋಶದ ಕ್ಷಯ ಹರಡುವುದು ಗಾಳಿಯ ಮೂಲಕ. ತಟ್ಟೆ, ಲೋಟ, ಬಟ್ಟೆ, ಹಾಸಿಗೆಯಿಂದ ಅದು ಬರುವುದಿಲ್ಲ, ವಂಶಪಾರಂಪರ್ಯವಾಗಿಯೂ ಬರುವುದಿಲ್ಲ. ಆದ್ದರಿಂದ ರೋಗಿಯ ಲೋಟವನ್ನು ಬೇರೆ ಇಡುವುದರಿಂದ ಮನಸ್ಸು ನೋಯುತ್ತದೆಯೇ ವಿನಾ ರೋಗ ತಡೆಯುವುದಿಲ್ಲ. ಕಿಟಕಿ ತೆರೆದಿಟ್ಟರೆ ತಡೆಯುತ್ತದೆ. ಸರಿಯಾದ ಮಾತ್ರೆ ಶುರುವಾದ ಮೇಲೆ ಸೋಂಕು ಹರಡುವ ಶಕ್ತಿ ಬೇಗನೆ ಇಳಿಯುತ್ತದೆ. ಮೊದಲ ಕೆಲವು ವಾರ ಮಾಸ್ಕ್ ಧರಿಸಿ, ಕೆಮ್ಮುವಾಗ ಬಟ್ಟೆ ಅಡ್ಡ ಹಿಡಿದು, ಗಾಳಿ ಬೆಳಕಿರುವ ಕಡೆ ಮಲಗಿ, ಕಫವನ್ನು ಮುಚ್ಚಳವಿರುವ ಡಬ್ಬಿಯಲ್ಲಿ ಉಗುಳಿ ಸುಟ್ಟರೋ ಹೂತರೋ ಆಯಿತು.

ಮೈಸೂರಿನವರಿಗೆ ಈ ಅಂಜಿಕೆಯ ಹಿಂದೆ ಒಂದು ಇತಿಹಾಸವೂ ಇದೆ. ಕೆಆರ್‌ಎಸ್ ರಸ್ತೆಯ ಪಿಕೆಟಿಬಿ, ಅಂದರೆ ರಾಜಕುಮಾರಿ ಕೃಷ್ಣಾಜಮ್ಮಣ್ಣಿ ಕ್ಷಯರೋಗ ಆಸ್ಪತ್ರೆ, ಕ್ಷಯದಿಂದಲೇ ತೀರಿಕೊಂಡ ಸೋದರಿಯ ನೆನಪಿಗೆ ನಾಲ್ವಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ್ದು. ಔಷಧಿಯೇ ಇಲ್ಲದ ಆ ಕಾಲದಲ್ಲಿ ಊರ ಹೊರಗಿನ ಶುದ್ಧ ಗಾಳಿ, ವಿಶ್ರಾಂತಿ, ಒಳ್ಳೆಯ ಊಟವೇ ಚಿಕಿತ್ಸೆ, ರೋಗವಂತೂ ಅರಮನೆ ಗುಡಿಸಲೆಂದು ನೋಡುತ್ತಿರಲಿಲ್ಲ. 1950ರ ದಶಕದ ಕೊನೆಗೆ ಮದರಾಸಿನಲ್ಲಿ ನಡೆದ ಅಧ್ಯಯನ, ಮನೆಯಲ್ಲೇ ಮಾತ್ರೆ ನುಂಗಿದವರೂ ಸ್ಯಾನಟೋರಿಯಂನಲ್ಲಿ ಇದ್ದವರಷ್ಟೇ ಚೆನ್ನಾಗಿ ಗುಣವಾಗುತ್ತಾರೆ, ಮನೆಯವರಿಗೆ ಅದರಿಂದ ಹೆಚ್ಚುವರಿ ಅಪಾಯವಿಲ್ಲ ಎಂದು ತೋರಿಸಿ, ಇಡೀ ಜಗತ್ತಿನ ಕ್ರಮವನ್ನೇ ಬದಲಿಸಿತು. ಅಲ್ಲಿಗೆ ಬಹುತೇಕ ರೋಗಿಗಳನ್ನು ಮನೆಯಿಂದ ದೂರವಿಡುವುದಕ್ಕೆ ವೈದ್ಯಕೀಯ ಕಾರಣ ಉಳಿಯಲಿಲ್ಲ.

ಮನೆಯಲ್ಲೊಬ್ಬರಿಗೆ ಶ್ವಾಸಕೋಶದ ಕ್ಷಯ ಎಂದಾದೊಡನೆ ಉಳಿದವರೆಲ್ಲರೂ, ಲಕ್ಷಣ ಇರಲಿ ಬಿಡಲಿ, ತಪಾಸಣೆಗೆ ಹೋಗಬೇಕು. ರೋಗ ಇಲ್ಲವೆಂದು ಖಚಿತವಾದವರಿಗೆ ತಡೆ ಚಿಕಿತ್ಸೆ ಕೊಡುತ್ತಾರೆ: ಆರು ತಿಂಗಳು ದಿನಾ ಐಸೋನಿಯಾಜಿಡ್, ಅಥವಾ ವಾರಕ್ಕೊಮ್ಮೆಯಂತೆ ಹನ್ನೆರಡು ವಾರ ಎರಡು ಔಷಧಿಗಳ ಜೋಡಿ. ಐದು ವರ್ಷದೊಳಗಿನ ಮಕ್ಕಳ ವಿಷಯದಲ್ಲಿ ಇದನ್ನು ಒಂದು ದಿನವೂ ಮುಂದೂಡಬಾರದು, ಏಕೆಂದರೆ ಅವರಲ್ಲಿ ಸೋಂಕು ಬೇಗ ಮೆದುಳಿಗೆ ಏರಬಲ್ಲದು. ಹುಟ್ಟಿದಾಗ ಹಾಕಿಸಿದ ಬಿಸಿಜಿ ಲಸಿಕೆ ಅಂಥ ತೀವ್ರ ರೂಪಗಳಿಂದ ಬಹುಮಟ್ಟಿಗೆ ಕಾಯುತ್ತದೆಯಾದರೂ ಸಂಪೂರ್ಣವಾಗಿ ಅಲ್ಲ. ಆರೋಗ್ಯವಾಗಿರುವ ನಾನೇಕೆ ಮಾತ್ರೆ ನುಂಗಲಿ ಎಂದು ದೊಡ್ಡವರು ಕೇಳುವುದು ಸಹಜ. ಜಗತ್ತಿನ ಸುಮಾರು ಕಾಲು ಭಾಗ ಜನರ ದೇಹದಲ್ಲಿ ಈ ರೋಗಾಣು ಸದ್ದಿಲ್ಲದೆ ಹೊಕ್ಕಿದೆ, ಅವರಲ್ಲಿ ನೂರಕ್ಕೆ ಐದರಿಂದ ಹತ್ತು ಮಂದಿಗೆ ಜೀವನದ ಯಾವುದೋ ಹಂತದಲ್ಲಿ ರೋಗ ಏಳುತ್ತದೆ, ಹಾಗೆ ಏಳುವವರಲ್ಲಿ ಹೆಚ್ಚಿನವರಿಗೆ ಅದು ಸೋಂಕು ತಗುಲಿದ ಮೊದಲ ಎರಡು ವರ್ಷದೊಳಗೇ ಆಗುತ್ತದೆ.

ಚಿಕಿತ್ಸೆ ಮುಗಿದ ಮೇಲೆ ಎರಡು ವರ್ಷಗಳವರೆಗೆ ಆರು ತಿಂಗಳಿಗೊಮ್ಮೆ ತಪಾಸಣೆಗೆ ಕರೆಯುತ್ತಾರೆ. ಆಗ ಒಯ್ಯಲು ಚಿಕಿತ್ಸೆಯ ಕಾರ್ಡು, ಮೊದಲ ಮತ್ತು ಕೊನೆಯ ಕಫದ ವರದಿ, ಎಕ್ಸ್‌ರೇ, ನಿಕ್ಷಯ್ ಸಂಖ್ಯೆ ಇವಿಷ್ಟನ್ನು ಒಂದೇ ಕವರಿನಲ್ಲಿ ಹಾಕಿ ರೇಷನ್ ಕಾರ್ಡಿನ ಜೊತೆ ಇಟ್ಟಿರಬೇಕು; ವಾಸಿಯಾದ ಗಾಯದ ಕಲೆ ಎಕ್ಸ್‌ರೇಯಲ್ಲಿ ವರ್ಷಗಟ್ಟಲೆ ಉಳಿಯುವುದರಿಂದ, ಮುಂದೆ ಯಾವುದೋ ಕೆಮ್ಮಿಗೆ ಹೊಸ ವೈದ್ಯರ ಬಳಿ ಹೋದಾಗ ಹಳೆಯ ಫಿಲ್ಮಿನೊಡನೆ ಹೋಲಿಸಿ ನೋಡಲು ಅದು ಬೇಕಾಗುತ್ತದೆ.